ದಿನವೂ ಏನಾದರೂ ಬರೆಯುತ್ತೇನೆ, ಕಥೆ ಮಾತ್ರ ಮುಗಿಯುತ್ತಿಲ್ಲ

ಹೂಮಳೆ, ಸುಂಟಿಕೊಪ್ಪ
ಸೋಮವಾರ, ರಾತ್ರಿ 10.20

ಎಲ್ಲರಿಗೂ ನಮಸ್ಕಾರ. ಬರೆಯುವ ಚಪಲ ಇರುವವರು ಇಲ್ಲಿ ಕಡಿಮೆಯಿಲ್ಲ ಎಂದು ಗೊತ್ತಿರುವುದರಿಂದ ಸಂಕೋಚ ಬಿಟ್ಟು ಕೇಳುತ್ತಿದ್ದೇನೆ.

ಹಗಲಿಡೀ ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ರಾತ್ರಿ ಪಾತ್ರೆ ತೊಳೆದಿಟ್ಟು, ಮಗಳ ಹೋಂವರ್ಕ್ ಮುಗಿಸಿ, ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಇದ್ದ ಪುಣ್ಯದ ದಿನ ಮೊಬೈಲ್ ಹಿಡಿದು ಕೂರುತ್ತೇನೆ. ಆಮೇಲೆ ಏನೆಲ್ಲ ಮಾಡುತ್ತೇನೆ ಎಂದು ಹೇಳಿದರೆ ನಗಬೇಡಿ. ಇನ್‌ಸ್ಟಾಗ್ರಾಂನಲ್ಲಿ ನಾಲ್ಕು ಸಾಲಿನ ಹನಿಗವನ. ಮರದ ಬುಡದಲ್ಲಿ ಎದ್ದ ಅಣಬೆಯದೋ ಬೇಲಿಯ ಮೇಲಿನ ಬಸವನಹುಳುವಿನದೋ ಒಂದು ಚಿತ್ರ, ಅದರ ಕೆಳಗೊಂದು ಒಕ್ಕಣೆ. ಇ-ಬರ್ಡ್‌ನಲ್ಲಿ ಬೆಳಗ್ಗೆ ಕಂಡ ಹಕ್ಕಿಗಳ ಪಟ್ಟಿ. ಪದಬಂಧದ ಗುಂಪೊಂದಿದೆ, ಅಲ್ಲಿಗೆ ಒಂದು ಸುಳಿವು. ಇಷ್ಟಾಗುವ ಹೊತ್ತಿಗೆ ಕಣ್ಣು ಎಳೆಯುತ್ತಿರುತ್ತದೆ.

ಕಥೆಯೊಂದಿದೆ. ಕಾಫಿ ಕೊಯ್ಯುವ ಹೆಂಗಸಿನ ಕಥೆ. ಹೋದ ಮಳೆಗಾಲದಲ್ಲಿ ಶುರುಮಾಡಿದ್ದು. ದೀಪಾವಳಿ ವಿಶೇಷಾಂಕದ ಕಥಾಸ್ಪರ್ಧೆಗೆ ಕಳಿಸಬೇಕೆಂದಿತ್ತು. ದೀಪಾವಳಿ ಹೋಯಿತು, ಪುತ್ತರಿ ಹೋಯಿತು, ಇದೋ ಮತ್ತೊಂದು ಮಳೆಗಾಲ. ಕಥೆ ನಿಂತ ಜಾಗದಿಂದ ಕದಲಿಲ್ಲ. ಬರೆಯಲು ಪುರುಸೊತ್ತಿಲ್ಲ ಎಂದು ಹೇಳುವ ಹಾಗೂ ಇಲ್ಲ, ಏಕೆಂದರೆ ಬರೆಯದ ದಿನವೇ ಇಲ್ಲ! ಹನಿಗವನ ಹಾಕಿ, ನಾಲ್ಕಾರು ಮಂದಿ 'ಸೊಗಸಾಗಿದೆ' ಎಂದ ಮೇಲೆ ಒಳಗಿನ ಚಡಪಡಿಕೆ ತಣ್ಣಗಾಗಿಬಿಡುತ್ತದೆ. ಕಥೆಯ ಕಡತ ತೆರೆಯುವ ಮನಸ್ಸೇ ಬರುವುದಿಲ್ಲ.

ಈ ಆನ್‌ಲೈನ್ ಹವ್ಯಾಸಗಳನ್ನೆಲ್ಲ ಕಟ್ಟಿಟ್ಟರೆ ಕಥೆ ಮುಗಿಯುತ್ತದೆಯೇ? ಅಥವಾ ಕಾರಣ ಬೇರೆಲ್ಲೋ ಇದ್ದು, ಪಾಪದ ಹಕ್ಕಿಗಳ ಮೇಲೆ ಹೊರೆ ಹಾಕುತ್ತಿದ್ದೇನೆಯೇ?

ಕಕ್ಕಬ್ಬೆ ಹುಡುಗ
ಸೋಮವಾರ, ರಾತ್ರಿ 10.55

ಅಕ್ಕಾ, ದಯವಿಟ್ಟು ಕಟ್ಟಿಡಬೇಡಿ. ಕಥೆಯನ್ನೇ ಆನ್‌ಲೈನಿಗೆ ತನ್ನಿ, ಜಗಳವೇ ಮುಗಿಯಿತು.

ನಮ್ಮದು ಹೋಂಸ್ಟೇ. ಜೂನ್ ಬಂತೆಂದರೆ ತಡಿಯಂಡಮೋಳ್ ಹತ್ತಲು ಬರುವವರು ನಿಲ್ಲುತ್ತಾರೆ, ಕೋಣೆಗಳು ಖಾಲಿ, ಅಮ್ಮನ ಬೈಗುಳ ಧಾರಾಳ. ಆ ಹೊತ್ತಿನಲ್ಲಿ ನಾನು ಪ್ರತಿಲಿಪಿಯಲ್ಲಿ ಧಾರಾವಾಹಿ ಬರೆಯುತ್ತೇನೆ. ಬೆಂಗಳೂರಿನಲ್ಲಿ 2014ರಲ್ಲಿ ಹುಟ್ಟಿದ ತಾಣ ಅದು. ಪತ್ರಿಕೆಯ ಬಾಗಿಲು ತಟ್ಟದೆ, ಸಂಪಾದಕರ ಕೃಪೆಗೆ ಕಾಯದೆ ಓದುಗರನ್ನು ಮುಟ್ಟಬಹುದು. ಕಂತು ತಡವಾದರೆ 'ಮುಂದಿನ ಭಾಗ ಎಲ್ಲಿ' ಎಂದು ಗುಲ್ಬರ್ಗದಿಂದ, ದಾವಣಗೆರೆಯಿಂದ ಕೇಳುತ್ತಾರೆ. ಮುಖ ನೋಡದವರು ಹಾಗೆ ಕೇಳಿದಾಗ ಸೋಮಾರಿತನ ಎಲ್ಲಿ ಉಳಿಯುತ್ತದೆ? ನಿಮಗೆ ಬೇಕಾಗಿರುವುದು ಹಿಂದೆ ಬಿದ್ದು ಕೇಳುವ ಓದುಗರು, ಹವ್ಯಾಸಕ್ಕೆ ರಜೆಯಲ್ಲ.

ಒಂದು ಎಚ್ಚರಿಕೆ. ಧ್ವನಿಯಿಂದ ಟೈಪ್ ಮಾಡುವ ಸೌಲಭ್ಯವನ್ನು ನಂಬಬೇಡಿ. ಶೀಟಿನ ಮಾಡಿನ ಮೇಲೆ ಮಳೆ ಬೀಳುವಾಗ ಅದು ನನ್ನ ನಾಯಕಿಯ ಪ್ರೇಮನಿವೇದನೆಯನ್ನು 'ಪ್ರೇಮಾ ನೀವೇ ತನ್ನಿ' ಎಂದು ಬರೆದುಕೊಂಡಿತ್ತು. ನೋಡದೆ ಹಾಕಿದ್ದರೆ ಊರಿಗೆಲ್ಲ ಹಾಸ್ಯ.

ನಿವೃತ್ತ ಮೇಷ್ಟ್ರು, ಶನಿವಾರಸಂತೆ
ಮಂಗಳವಾರ, ಬೆಳಗ್ಗೆ 6.40

ಕಕ್ಕಬ್ಬೆಯ ಹುಡುಗನ ಹುರುಪು ಮೆಚ್ಚಿದೆ, ಮಾತನ್ನು ಒಪ್ಪಲಾರೆ. ಧಾರಾವಾಹಿ ಬರೆಯುವುದು ಒಂದು ಕಸುಬು, ಸಣ್ಣಕಥೆ ಬೇರೆಯೇ ಕಸುಬು. ಧಾರಾವಾಹಿಯಲ್ಲಿ ನಿನ್ನೆಯದನ್ನು ಓದುಗರು ಓದಿ ಆಗಿರುತ್ತದೆ, ಅದರ ಮೇಲೆಯೇ ಮುಂದಿನದನ್ನು ಕಟ್ಟಬೇಕು. ಸಣ್ಣಕಥೆಯಲ್ಲಿ ಕೊನೆಯ ವಾಕ್ಯ ಬರೆದ ಮೇಲೆ ಮೊದಲ ಪುಟವನ್ನು ಹರಿದು ಬಿಸಾಡುವ ಸ್ವಾತಂತ್ರ್ಯ ಬೇಕು. ಅರ್ಧ ಕಥೆಯನ್ನು ಜನರ ಮುಂದಿಟ್ಟವರಿಗೆ ಆ ಸ್ವಾತಂತ್ರ್ಯ ಇರುವುದಿಲ್ಲ.

ನಾವು ಕಥೆ ಕಳಿಸುವ ಕಾಲದಲ್ಲಿ ಸ್ವವಿಳಾಸದ ಲಕೋಟೆಗೆ ಅಂಚೆಚೀಟಿ ಹಚ್ಚಿ ಜೊತೆಗಿಡುತ್ತಿದ್ದೆವು. ಅಂಚೆಯವನು ಗೇಟಿನ ಹತ್ತಿರ ಬರುವಾಗಲೇ ಅವನ ಕೈಯಲ್ಲಿರುವುದರ ದಪ್ಪ ನೋಡುತ್ತಿದ್ದೆ. ದಪ್ಪ ಲಕೋಟೆ ಎಂದರೆ ಕಥೆ ವಾಪಸು. ತೆಳ್ಳಗೆ ಕಾರ್ಡೊಂದು ಬಂದರೆ ಆ ದಿನ ತರಗತಿಯಲ್ಲಿ ಯಾರಿಗೂ ಪೆಟ್ಟಿಲ್ಲ. ಉತ್ತರ ಬರಲು ತಿಂಗಳುಗಟ್ಟಲೆ ಆಗುತ್ತಿತ್ತು. ಅಷ್ಟು ಕಾಲ ಯಾರೂ ಹೊಗಳುವವರಿಲ್ಲ, ತೆಗಳುವವರೂ ಇಲ್ಲ. ಕಥೆ ತಲೆಯೊಳಗೆ ಸುತ್ತುತ್ತಲೇ ಇರುತ್ತಿತ್ತು, ವಾಪಸು ಬರುವ ಮೊದಲೇ ಅದರ ಕೊರತೆ ನಮಗೆ ಹೊಳೆದಿರುತ್ತಿತ್ತು. ಆ ಕಾಲವೇ ಚೆಂದ ಎಂದು ಹೇಳುತ್ತಿಲ್ಲ. ವಾಪಸು ಬಂದ ಎಷ್ಟೋ ಒಳ್ಳೆಯ ಕಥೆಗಳು ಅಟ್ಟದಲ್ಲಿ ಗೆದ್ದಲಿಗೆ ಹೋದವು. ನೀವು ಹೇಳಿದ ಚಡಪಡಿಕೆ ಇದೆಯಲ್ಲ, ಅದನ್ನು ಆಗ ತಣಿಸುವವರಿರಲಿಲ್ಲ ಎಂಬುದಷ್ಟೇ ನನ್ನ ಮಾತು.

ಹಾಗೆಂದು ಹವ್ಯಾಸಗಳನ್ನು ದೂರುವುದರಲ್ಲೂ ಅರ್ಥವಿಲ್ಲ. ನಿಮ್ಮ ಸುಂಟಿಕೊಪ್ಪದ ಮಗ್ಗುಲಲ್ಲೇ, ಗುಂಡುಗುಟ್ಟಿಯ ತೋಟದಲ್ಲಿ, ಕೊಡಗಿನ ಗೌರಮ್ಮ ಇದ್ದರು. 1912ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದವರು, 1939ರಲ್ಲಿ 27ನೆಯ ವಯಸ್ಸಿಗೆ ನೀರಿನ ಸುಳಿಗೆ ಸಿಕ್ಕಿ ತೀರಿಕೊಂಡರು. ಅಷ್ಟರೊಳಗೆ ಟೆನಿಸ್ ಆಡಿದರು, ಈಜಿದರು, 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ತಮ್ಮ ಮನೆಗೆ ಬರಲೇಬೇಕೆಂದು ಉಪವಾಸ ಕೂತು ಕರೆಸಿಕೊಂಡು ಮೈಮೇಲಿನ ಒಡವೆ ಬಿಚ್ಚಿಕೊಟ್ಟರು, 'ಮಿಸೆಸ್ ಬಿ.ಟಿ.ಜಿ. ಕೃಷ್ಣ' ಎಂಬ ಹೆಸರಿನಲ್ಲಿ ಕಥೆಗಳನ್ನೂ ಬರೆದರು. ಇನ್ನು ನಡಿಕೇರಿಯಂಡ ಚಿಣ್ಣಪ್ಪನವರು ಸರ್ಕಾರಿ ನೌಕರಿ ಮಾಡುತ್ತ, ಪೊಲೀಸ್ ಇಲಾಖೆಯಲ್ಲೂ ದುಡಿದು, ಊರೂರಿನ ಕೊಡವ ಹಾಡುಗಳನ್ನು ಕೇಳಿ ಬರೆದುಕೊಂಡರು. 1924ರಲ್ಲಿ ಅದು 'ಪಟ್ಟೋಲೆ ಪಳಮೆ'ಯಾಗಿ ಅಚ್ಚಾಯಿತು. ಸಂಬಳಕ್ಕೆ ಮಾಡಿದ ಕೆಲಸವಲ್ಲ ಅದು, ಇವತ್ತಿನ ಮಾತಿನಲ್ಲಿ ಹವ್ಯಾಸವೇ. ಆದರೆ ಒಂದೇ ಕಡೆ ಕೂಡಿಟ್ಟರು.

ಕೂಡಿಡುವ ಮಾತು ಬಂದದ್ದರಿಂದ ಇನ್ನೊಂದು ಹೇಳುತ್ತೇನೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜಾರಿದಾಗ ನಮ್ಮ ಜಿಲ್ಲೆಯಲ್ಲಿ ಎಷ್ಟು ಮಂದಿ ಬರೆದರು! ಎಂದೂ ಲೇಖನಿ ಹಿಡಿಯದವರು ಪರಿಹಾರ ಕೇಂದ್ರದಲ್ಲಿ ಕೂತು ವಾಟ್ಸ್ಆ್ಯಪ್‌ನಲ್ಲಿ ಪುಟಗಟ್ಟಲೆ ಬರೆದರು. ಹಟ್ಟಿಯ ದನಗಳ ಹಗ್ಗ ಬಿಚ್ಚಿ ಓಡಿದ್ದು, ಬಾವಿಯ ನೀರು ಮುನ್ನಾದಿನವೇ ಕೆಂಪಾಗಿದ್ದು. ಓದಿ ನನ್ನ ಎದೆ ನಡುಗಿತ್ತು. ಈಗ ಅವನ್ನು ಒಟ್ಟು ಮಾಡೋಣವೆಂದು ಕೇಳಿದರೆ ಒಬ್ಬರ ಫೋನ್ ಬದಲಾಗಿದೆ, ಇನ್ನೊಬ್ಬರು ಗುಂಪಿನಿಂದ ಹೊರಬಂದಿದ್ದಾರೆ, ಮತ್ತೊಬ್ಬರಿಗೆ ತಾವು ಬರೆದದ್ದೇ ಮರೆತಿದೆ. ಆದ್ದರಿಂದ ಹೂಮಳೆ ಅವರೇ, ಏನು ಬೇಕಾದರೂ ಎಲ್ಲಿ ಬೇಕಾದರೂ ಹಾಕಿ, ಮೊದಲು ನಿಮ್ಮ ನೋಟ್‌ಬುಕ್ಕಿನಲ್ಲಿ ಇರಲಿ.

ಊರು ಬಿಟ್ಟವಳು, ಬೆಂಗಳೂರು (ಮೂಲ ಪೊನ್ನಂಪೇಟೆ)
ಮಂಗಳವಾರ, ಮಧ್ಯಾಹ್ನ 1.15

ಮೇಷ್ಟ್ರ ಕೊನೆಯ ಮಾತಿಗೆ ನನ್ನದೊಂದು ಸಹಿ.

ನನ್ನ ಹವ್ಯಾಸ ಯಾರಿಗೂ ಕಾಣದಂಥದ್ದು. ಕನ್ನಡ ವಿಕಿಸೋರ್ಸ್‌ನಲ್ಲಿ ಹಳೆಯ ಪುಸ್ತಕಗಳ ಪುಟ ತಿದ್ದುತ್ತೇನೆ. ಪರದೆಯ ಒಂದು ಬದಿ ಪುಸ್ತಕದ ಸ್ಕ್ಯಾನ್, ಇನ್ನೊಂದು ಬದಿ ಯಂತ್ರ ಓದಿಟ್ಟ ಅಕ್ಷರಗಳು. ಯಂತ್ರಕ್ಕೆ ಒತ್ತಕ್ಷರ ಕಂಡರೆ ಆಗುವುದಿಲ್ಲ, ಅರ್ಕಾವೊತ್ತು ಕಂಡರಂತೂ ಕಂಗಾಲು. ಸಾಲು ಸಾಲಾಗಿ ಹೋಲಿಸಿ ಸರಿಪಡಿಸಿದರೆ ಕೆಂಪಿದ್ದ ಪುಟದ ಗುರುತು ಹಳದಿಯಾಗುತ್ತದೆ. ಬೇರೆ ಇನ್ನೊಬ್ಬರು ನೋಡಿ ಒಪ್ಪಿದರೆ ಹಸಿರು. ಲೈಕ್ ಇಲ್ಲ, ಹೃದಯದ ಚಿಹ್ನೆ ಇಲ್ಲ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡು 60 ವರ್ಷವಾದ ಮೇಲೆ ಅವರ ಬರಹದ ಹಕ್ಕು ಮುಗಿದು ಎಲ್ಲರದ್ದಾಗುತ್ತದೆ, ಹಾಗಾಗಿ ಹೆಚ್ಚಾಗಿ ಹಳಬರ ಪುಸ್ತಕಗಳೇ. ಒಂದೊಂದು ಅಲ್ಪವಿರಾಮವನ್ನೂ ನೋಡುತ್ತ ಕೂತಾಗ ವಾಕ್ಯ ಹೇಗೆ ಕಟ್ಟಿದ್ದಾರೆ ಎಂದು ಬೆರಳಿಗೇ ತಿಳಿಯುತ್ತದೆ. ಕಥೆ ಬರೆಯುವವರಿಗೆ ಇದಕ್ಕಿಂತ ಅಗ್ಗದ ಶಾಲೆ ಇಲ್ಲ.

ಇನ್ನೊಂದು. ನನ್ನ ಕಚೇರಿಯ ಗೆಳತಿಯರು ಹಿಂದೆ ನ್ಯಾನೋರೈಮೋ ಎಂಬ ಸವಾಲಿಗೆ ಸೇರಿಸಿದ್ದರು. 1999ರಲ್ಲಿ ಅಮೆರಿಕದಲ್ಲಿ ಆರಂಭವಾದದ್ದು. ನವೆಂಬರ್ ತಿಂಗಳೊಂದರಲ್ಲಿ 50,000 ಪದಗಳ ಕಾದಂಬರಿ ಬರೆಯಬೇಕು, ದಿನಕ್ಕೆ ಸುಮಾರು 1,667 ಪದ. ಅದನ್ನು ನಡೆಸುತ್ತಿದ್ದ ಸಂಸ್ಥೆ 2025ರಲ್ಲಿ ಬಾಗಿಲು ಹಾಕಿತು. ನವೆಂಬರನ್ನು ಆರಿಸಿದವರ ಮನೆಯಲ್ಲಿ ಅರೇಬಿಕಾ ಕಾಫಿ ಇರಲಿಲ್ಲ ಎಂಬುದು ಖಂಡಿತ! ನಮ್ಮಲ್ಲಿ ಆ ತಿಂಗಳು ಕೊಯ್ಲು, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪಿಂಗ್, ಕಣದಲ್ಲಿ ಕಾಫಿ ತಿರುವುವುದು, ಮೋಡ ಕಂಡರೆ ಟಾರ್ಪಾಲಿಗೆ ಓಡುವುದು, ಅಷ್ಟರಲ್ಲಿ ಪುತ್ತರಿಯ ಸಂಭ್ರಮ. ಕೊಡಗಿನವರಿಗೆ ಬರೆಯುವ ತಿಂಗಳು ಎಂದು ಯಾವುದಾದರೂ ಇದ್ದರೆ ಅದು ಮಳೆ ಬಿಡದ ಕಕ್ಕಡ ಮಾಸ. ಹೊರಗೆ ಹೋಗುವ ಹಾಗಿಲ್ಲ, ನೆಂಟರು ಬರುವುದಿಲ್ಲ. ಅಂದರೆ ಈಗ. ಹೂಮಳೆ, ಇದನ್ನು ಯೋಚಿಸಿ.

ತೋಟದ ರೈಟರ್, ಸಿದ್ದಾಪುರ
ಮಂಗಳವಾರ, ರಾತ್ರಿ 8.30

ಎಲ್ಲರೂ ಹವ್ಯಾಸದ ಬಗ್ಗೆ ಮಾತಾಡುತ್ತಿದ್ದೀರಿ. ಕಥೆ ಯಾಕೆ ನಿಂತಿತು ಎಂದು ಯಾರೂ ಕೇಳಲಿಲ್ಲ.

ನಾನು ಬರಹಗಾರನಲ್ಲ. ಎಸ್ಟೇಟಿನಲ್ಲಿ ಚೆಕ್‌ರೋಲ್, ಅಂದರೆ ಕೆಲಸದವರ ಹಾಜರಿ ಕೂಲಿಯ ಪುಸ್ತಕ, ಬರೆಯುವವನು. ಆದರೆ ಕಥೆ ಓದುವ ಹುಚ್ಚಿದೆ. ಕಾಫಿ ತೋಟದ ಕಥೆಗಳೆಂದರೆ ಒಂದೂ ಬಿಡುವುದಿಲ್ಲ, ಹೆಚ್ಚಿನವನ್ನು ಓದಿ ಸಿಟ್ಟೂ ಬರುತ್ತದೆ. ಅವುಗಳಲ್ಲಿ ಮಂಜು ಇರುತ್ತದೆ, ಬಂಗಲೆ ಇರುತ್ತದೆ, ಕ್ರೂರ ಮಾಲೀಕನಿರುತ್ತಾನೆ. ತೂಕ ಹಾಕುವ ತಕ್ಕಡಿ ಇರುವುದಿಲ್ಲ. ಸಂಜೆ ಚೀಲ ತೂಗುವ ಹೊತ್ತಿನಲ್ಲಿ ಆಗುವಷ್ಟು ಮಾತು, ಜಗಳ, ನಗು ತೋಟದಲ್ಲಿ ಬೇರೆ ಯಾವ ಹೊತ್ತಿನಲ್ಲೂ ಆಗುವುದಿಲ್ಲ. ಅಲ್ಲಿಗೆ ಒಬ್ಬ ಲೇಖಕನೂ ಬಂದು ನಿಂತಿಲ್ಲ.

ತಂಗಿ, ನಿಮ್ಮ ಕಥೆ ಎಲ್ಲಿ ನಿಂತಿದೆಯೋ ಆ ಜಾಗದ ನಾಲ್ಕು ಸಾಲು ಇಲ್ಲಿ ಹಾಕಬಹುದೇ?

ಬೆಟ್ಟದ ಹಕ್ಕಿ, ಭಾಗಮಂಡಲ
ಮಂಗಳವಾರ, ರಾತ್ರಿ 9.05

ರೈಟರ್ ಅಣ್ಣ ಕೇಳಿದ್ದಕ್ಕೆ ಹೂಮಳೆ ಉತ್ತರಿಸುವ ಮೊದಲು ನನ್ನದೊಂದು ಮಾತು. ಜಿಲ್ಲೆಯ ಇ-ಬರ್ಡ್ ಪಟ್ಟಿಗಳನ್ನು ದಿನವೂ ನೋಡುವ ಅಭ್ಯಾಸ ನನಗಿದೆ. ಹೂಮಳೆ ಅವರ ಪಟ್ಟಿಗಳೂ ಕಣ್ಣಿಗೆ ಬೀಳುತ್ತವೆ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಅಲ್ಲಿ ಎಷ್ಟು ಹೊತ್ತಿಗೆ ಶುರುಮಾಡಿದಿರಿ, ಎಷ್ಟು ನಿಮಿಷ ನೋಡಿದಿರಿ, ಎಷ್ಟು ದೂರ ನಡೆದಿರಿ, ಯಾವ ಹಕ್ಕಿ ಎಷ್ಟು, ಎಲ್ಲವನ್ನೂ ಹೇಳಬೇಕು. ಕಂಡ ಹಕ್ಕಿಗಳನ್ನೆಲ್ಲ ಬರೆದಿದ್ದೀರಾ, ಇಷ್ಟವಾದದ್ದನ್ನು ಮಾತ್ರವೇ ಎಂದೂ ಕೇಳುತ್ತದೆ. ಕೆಳಗೆ ಟಿಪ್ಪಣಿಗೆ ಸ್ವಲ್ಪ ಜಾಗ. ಬಹುತೇಕರು ಅದನ್ನು ಖಾಲಿ ಬಿಡುತ್ತಾರೆ. ಇವರು ಬಿಡುವುದಿಲ್ಲ.

ಮೊನ್ನೆಯದೊಂದನ್ನು ಅವರ ಅಪ್ಪಣೆ ಪಡೆದೇ ಇಲ್ಲಿ ಹಾಕುತ್ತಿದ್ದೇನೆ:

"ಮಳೆ ನಿಂತಿಲ್ಲ. ಪಲ್ಪಿಂಗ್ ಶೆಡ್ಡಿನ ಒಳತೊಲೆಯ ಮೇಲೆ ವಿಸ್ಲಿಂಗ್ ಥ್ರಷ್ ಗೂಡು. ಪಾಚಿ, ಬೇರು, ಒಂದು ಬದಿಯಲ್ಲಿ ಗೊಬ್ಬರ ಚೀಲದ ನೀಲಿ ದಾರ. ಹಕ್ಕಿ ಎರೆಹುಳು ಕಚ್ಚಿಕೊಂಡು ಬಂತು. ನನ್ನನ್ನು ಕಂಡು ಗೂಡಿಗೆ ಹೋಗದೆ ತಕ್ಕಡಿಯ ಕೊಕ್ಕೆಯ ಮೇಲೆ ಕೂತಿತು. ನಾನು ಹೊರಗೆ ಹೋಗುವವರೆಗೂ ಹುಳು ಬಾಯಲ್ಲೇ ಇತ್ತು. ಮರಿಗಳು ಕಾಣಲಿಲ್ಲ. ದನಿ ಒಂದಕ್ಕಿಂತ ಹೆಚ್ಚು."

ಗೂಡಿನ ಚಿತ್ರ ಹಾಕದೆ ಇದ್ದದ್ದಕ್ಕೆ ಮೊದಲು ಶಹಬ್ಬಾಸ್. ಆಮೇಲೆ, ಇದನ್ನು ಬರೆದವರು ಕಥೆ ಬರೆಯಲಾಗುತ್ತಿಲ್ಲ ಎಂದರೆ ನಾನು ನಂಬುವುದಿಲ್ಲ. ಅದೇ ದಿನ ಅವರ ಹನಿಗವನವನ್ನೂ ಓದಿದೆ. ಅದರಲ್ಲಿ ಮಳೆ ಯಾರದೋ ಕಣ್ಣೀರಾಗಿತ್ತು. ಬೇಸರ ಮಾಡಿಕೊಳ್ಳಬೇಡಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಿಲ್ಲೆಯ ಎಲ್ಲ ಮೊಬೈಲುಗಳಲ್ಲೂ ಅಂಥ ಕಣ್ಣೀರು ಧಾರಾಕಾರವಾಗಿ ಸುರಿಯುತ್ತಿರುತ್ತದೆ. ಕೊಕ್ಕೆಯ ಮೇಲೆ ಹುಳು ಕಚ್ಚಿಕೊಂಡು ಕೂತ ಹಕ್ಕಿ ಮಾತ್ರ ನಿಮ್ಮೊಬ್ಬರದೇ.

ಕಕ್ಕಬ್ಬೆ ಹುಡುಗ
ಮಂಗಳವಾರ, ರಾತ್ರಿ 9.20

ನನ್ನ ಇಡೀ ಧಾರಾವಾಹಿಯಲ್ಲಿ ಹೀಗೆ ಒಂದು ಪ್ಯಾರಾ ಇಲ್ಲ. ಈಗ ನನಗೂ ಇ-ಬರ್ಡ್ ಹಾಕಿಕೊಳ್ಳಬೇಕು ಅನಿಸುತ್ತಿದೆ.

ಹೂಮಳೆ, ಸುಂಟಿಕೊಪ್ಪ
ಗುರುವಾರ, ರಾತ್ರಿ 9.45

ಮರ ಬಿದ್ದು ತಂತಿ ಹರಿದಿತ್ತು, ಇವತ್ತು ಸಂಜೆಯಷ್ಟೇ ಕರೆಂಟ್ ಬಂತು. ಎಲ್ಲವನ್ನೂ ಒಟ್ಟಿಗೆ ಓದಿದೆ. ಕಣ್ಣೀರಿನ ಹನಿಗವನಕ್ಕೆ ಬಂದ ಮೆಚ್ಚುಗೆ ಹಕ್ಕಿಯ ಟಿಪ್ಪಣಿಗೆ ಯಾವತ್ತೂ ಬಂದಿರಲಿಲ್ಲ, ಅದನ್ನು ಬರಹವೆಂದು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಅಲ್ಲಿ ಯಾರೂ ಓದುವುದಿಲ್ಲ ಎಂಬ ನೆಮ್ಮದಿಯಲ್ಲಿ ಬರೆಯುತ್ತಿದ್ದೆ. ಇನ್ನು ಆ ನೆಮ್ಮದಿಯೂ ಹೋಯಿತು!

ರೈಟರ್ ಅಣ್ಣ, ನೀವು ಕೇಳಿದ ಸಾಲುಗಳು:

"ಮಳೆ ಬಿದ್ದ ಒಂಬತ್ತನೆಯ ದಿನ ತೋಟವಿಡೀ ಬಿಳಿ. ಹಣ್ಣು ಇನ್ನೂ ಗಿಡದಲ್ಲೇ ಇತ್ತು. ಅವಳು ಗೆಲ್ಲು ಬಗ್ಗಿಸಿ ಕೈ ಹಾಕಿದಳು. ಹಣ್ಣಿನ ಜೊತೆ ಹೂವೂ ಉದುರಿ ಸೊಂಟದ ಚೀಲಕ್ಕೆ ಬಿತ್ತು. ಅವಳ ಬದುಕೂ ಹಾಗೆಯೇ ಅಲ್ಲವೇ, ಅರಳುವ ಹೊತ್ತಿಗೇ ಉದುರಿದ್ದು."

ಇಲ್ಲಿಂದ ಮುಂದೆ ಅವಳ ಮದುವೆ, ಗಂಡನ ಕುಡಿತ ಎಂದು ಹಿಂದಿನದಕ್ಕೆ ಹೋಗುವ ಯೋಚನೆ ಇತ್ತು. ಬರೆಯಲು ಕೂತರೆ ಕೈ ಏಳುವುದಿಲ್ಲ.

ಊರು ಬಿಟ್ಟವಳು, ಬೆಂಗಳೂರು (ಮೂಲ ಪೊನ್ನಂಪೇಟೆ)
ಗುರುವಾರ, ರಾತ್ರಿ 10.10

ಒಂದು ಸಂದೇಹ. ಕಾಫಿ ಹೂ ಬರುವುದು ನಾವು ಹೂಮಳೆ ಎನ್ನುವ ಮಳೆ ಬಿದ್ದ ಮೇಲೆ, ಅಂದರೆ ಫೆಬ್ರವರಿ, ಮಾರ್ಚಿನಲ್ಲಿ. ಆ ಹೊತ್ತಿಗೆ ಕೊಯ್ಲು ಮುಗಿದಿರುತ್ತದಲ್ಲ? ಚೆಂದ ಕಾಣಲಿ ಎಂದು ಹಣ್ಣನ್ನೂ ಹೂವನ್ನೂ ಒಂದೇ ಗೆಲ್ಲಿನಲ್ಲಿ ಇಟ್ಟರೆ ಸ್ಪರ್ಧೆಯ ತೀರ್ಪುಗಾರರು ಸುಮ್ಮನಿರಬಹುದು, ಊರಿನವರು ನಗುತ್ತಾರೆ.

ತೋಟದ ರೈಟರ್, ಸಿದ್ದಾಪುರ
ಗುರುವಾರ, ರಾತ್ರಿ 10.40

ನಗುವುದಿಲ್ಲ. ಊರು ಬಿಟ್ಟು ತುಂಬ ವರ್ಷವಾಗಿರಬೇಕು, ಈಗಿನ ಮಳೆಗೆ ತಿಂಗಳ ಲೆಕ್ಕವಿಲ್ಲ. ಅರೇಬಿಕಾ ನವೆಂಬರಿನಿಂದ ಜನವರಿಯೊಳಗೆ ಮುಗಿಯುತ್ತದೆ ಸರಿ. ರೊಬಸ್ಟಾ ಹಾಗಲ್ಲ, ಫೆಬ್ರವರಿ ದಾಟಿದರೂ ಕೊಯ್ಲು ನಡೆಯುತ್ತಲೇ ಇರುತ್ತದೆ. ನಡುವೆ ಜನವರಿಯಲ್ಲಿ ಅಕಾಲದ ಮಳೆ ಹೊಡೆಯಿತೆಂದರೆ ಮೊಗ್ಗು ಕಾಯುವುದಿಲ್ಲ. ಹಣ್ಣು ಗಿಡದಲ್ಲಿರುವಾಗಲೇ ಎಂಟು ಹತ್ತು ದಿನದಲ್ಲಿ ಹೂ ಒಡೆಯುತ್ತದೆ. ತಂಗಿ ಬರೆದದ್ದು ನೂರಕ್ಕೆ ನೂರು ನಿಜ, ನಾನೇ ಕಂಡಿದ್ದೇನೆ.

ಆದರೆ ಅವಳು ಕೈ ಹಾಕಿದಳು ಎಂದಿದ್ದೀರಲ್ಲ, ಹಾಕಲು ಬಿಡುವುದಿಲ್ಲ! ಕಥೆ ಅಲ್ಲೇ ಇದೆ.

ಕೇಳಿ. ಗೆಲ್ಲು ಅಲ್ಲಾಡಿಸಿದರೆ ಹೂ ಉದುರುತ್ತದೆ. ಹೂ ಉದುರಿದರೆ ಮುಂದಿನ ವರ್ಷದ ಫಸಲು ಹೋಯಿತು. ರೊಬಸ್ಟಾಕ್ಕೆ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ, ಬೇರೆ ಗಿಡದ್ದನ್ನು ಗಾಳಿಯೋ ಜೇನೋ ತರಬೇಕು. ಆದ್ದರಿಂದ ಹೂ ಬಿಟ್ಟಿರುವಾಗ ತೋಟದೊಳಗೆ ಯಾರೂ ಹೋಗಬಾರದು ಎನ್ನುತ್ತಾರೆ. ಇತ್ತ ಕೊಯ್ಯದೆ ಬಿಟ್ಟರೆ ಹಣ್ಣು ಗಿಡದಲ್ಲೇ ಒಣಗುತ್ತದೆ, ನೆಲಕ್ಕೂ ಉದುರುತ್ತದೆ, ಈ ವರ್ಷದ ಫಸಲಿಗೆ ಪೆಟ್ಟು. ಮಾಲೀಕರು ಬೆಳಗ್ಗೆ ಗೇಟಿನ ಬಳಿ ನಿಂತು ಒಮ್ಮೆ ಗಿಡ ನೋಡುತ್ತಾರೆ, ಒಮ್ಮೆ ಮೊಬೈಲಿನಲ್ಲಿ ಕಾಫಿಯ ದರ ನೋಡುತ್ತಾರೆ. ಕಡೆಗೆ ಹೆಚ್ಚಿನವರು ಕೊಯ್ಲು ನಿಲ್ಲಿಸುತ್ತಾರೆ.

ಈಗ ಕೆಲಸದವರಿರುವ ಲೈನ್ ಮನೆಗೆ ಬನ್ನಿ. ದಿನಗೂಲಿಯವರಿಗೆ ಕಣದಲ್ಲೋ ಮೆಣಸಿನಲ್ಲೋ ಏನಾದರೂ ಕೆಲಸ ಹುಡುಕಿ ಹಾಜರಿ ಕೊಡಬಹುದು. ಕೊಯ್ಲಿಗೆಂದೇ ಬಂದವರದು ಕೆ.ಜಿ. ಲೆಕ್ಕ. ತಕ್ಕಡಿಗೆ ಚೀಲ ಏರಿದರೆ ದುಡ್ಡು, ಇಲ್ಲದಿದ್ದರೆ ಇಲ್ಲ. ತೋಟ ಘಮಘಮ ಎನ್ನುತ್ತಿರುತ್ತದೆ, ರಸ್ತೆಯಲ್ಲಿ ಪ್ರವಾಸಿಗರು ಕಾರು ನಿಲ್ಲಿಸಿ ಸೆಲ್ಫಿ ತೆಗೆಯುತ್ತಿರುತ್ತಾರೆ, ಒಳಗೆ ಇವರು ಕೈ ಕಟ್ಟಿ ಕೂತಿರುತ್ತಾರೆ. ಅಸ್ಸಾಮಿನಿಂದ ಬಂದ ಕೆಲವರು ಬೇರೆ ತೋಟ ಹುಡುಕಿ ಹೊರಡುತ್ತಾರೆ. ಮಕ್ಕಳು ಮರಿ ಇರುವ ಹೆಂಗಸು ಎಲ್ಲಿಗೆ ಹೋಗುತ್ತಾಳೆ?

ನಿಮ್ಮ ಕೊನೆಯ ವಾಕ್ಯ ಹೊಡೆದುಹಾಕಿ. ಬದುಕು ಹೂವಿನ ಹಾಗೆ ಉದುರಿತು ಎನ್ನಲು ಅವಳಿಗೆ ಪುರುಸೊತ್ತಿಲ್ಲ. ಅವಳಿಗೆ ಆ ಹೂವಿನ ಮೇಲೆ ಸಿಟ್ಟಿದೆ.

ನಿವೃತ್ತ ಮೇಷ್ಟ್ರು, ಶನಿವಾರಸಂತೆ
ಶುಕ್ರವಾರ, ಬೆಳಗ್ಗೆ 6.15

ರೈಟರ್ ಅವರೇ, ಕಥೆ ಓದುವ ಹುಚ್ಚು ಮಾತ್ರ ಎಂದಿರಿ. ನಂಬುವುದು ಹೇಗೆ?

ಹೂಮಳೆ ಅವರೇ, ಗಂಡನ ಕುಡಿತ ಬೇಡ. ಕಥೆಗೆ ಕುಡುಕ ಗಂಡ ಬೇಕಿರಲಿ ಬಿಡಲಿ, ಸ್ಪರ್ಧೆಗೆ ಬರುವ ಕಥೆಗಳಲ್ಲಿ ಅರ್ಧಕ್ಕರ್ಧ ಅವನದೇ. ಒಂದು ಕಾಲದಲ್ಲಿ ನಾನೂ ತಾಲ್ಲೂಕು ಮಟ್ಟದ ಸ್ಪರ್ಧೆಗಳಿಗೆ ತೀರ್ಪುಗಾರನಾಗಿದ್ದೆ, ಆ ಗಂಡಂದಿರ ಸಹವಾಸ ಸಾಕಾಗಿದೆ. ಕೊಯ್ಲು ನಿಂತ ಆ ಕೆಲವು ದಿನಗಳಲ್ಲೇ ಇಡೀ ಕಥೆ ನಡೆಯಲಿ.

ಇನ್ನೊಂದು, ಅವಳು ಮಾತಾಡುವುದು ಯಾವ ಭಾಷೆ? ನಮ್ಮ ತೋಟಗಳಲ್ಲಿ ಎರವ, ತಮಿಳು, ಮಲಯಾಳ, ತುಳು, ಅರೆಭಾಷೆ, ಕೊಡವ, ಈಗ ಹಿಂದಿ, ಅಸ್ಸಾಮಿ ಎಲ್ಲ ಒಂದೇ ಸಾಲಿನಲ್ಲಿ ನಿಂತು ಕೊಯ್ಯುತ್ತವೆ. ಅವಳ ಬಾಯಲ್ಲಿ ಮೈಸೂರು ರೇಡಿಯೋದ ಕನ್ನಡ ಹಾಕಬೇಡಿ. ಹಾಗೆಂದು ಗೊತ್ತಿಲ್ಲದ ಭಾಷೆಯನ್ನು ಅರೆಬರೆ ಬರೆಯುವುದೂ ಬೇಡ. ಅವಳಿಗೆ ಮಾತು ಕಡಿಮೆ ಕೊಟ್ಟರೆ ಆಯಿತು.

ಬೆಟ್ಟದ ಹಕ್ಕಿ, ಭಾಗಮಂಡಲ
ಶುಕ್ರವಾರ, ಬೆಳಗ್ಗೆ 8.50

ಕಾಫಿ ಹೂ ಬಿಟ್ಟಾಗ ಜೇನು ಎಷ್ಟು ಬರುತ್ತದೆ ಎಂದು ಒಮ್ಮೆ ತೋಟದ ಅಂಚಿನಲ್ಲಿ ನಿಂತು ಕೇಳಿ. ದೂರದಲ್ಲಿ ಮೋಟಾರ್ ಓಡುತ್ತಿದೆ ಎಂದು ನಾನು ಮೋಸಹೋದದ್ದುಂಟು. ಕೆಲಸವಿಲ್ಲದೆ ಕೂತ ಅವಳಿಗೆ ಇಡೀ ದಿನ ಆ ಸದ್ದು ಕೇಳುತ್ತಿರುತ್ತದೆ.

ಕಕ್ಕಬ್ಬೆ ಹುಡುಗ
ಶುಕ್ರವಾರ, ಬೆಳಗ್ಗೆ 9.30

ಅಕ್ಕಾ, ನನ್ನ ಮೊದಲಿನ ಸಲಹೆ ವಾಪಸು. ಈ ಕಥೆಯ ಒಂದು ಸಾಲನ್ನೂ ಇನ್ನು ಇಲ್ಲಿ ಹಾಕಬೇಡಿ. ಬಹುತೇಕ ಕಥಾಸ್ಪರ್ಧೆಗಳಲ್ಲಿ 'ಎಲ್ಲಿಯೂ ಪ್ರಕಟವಾಗಿರಬಾರದು, ಜಾಲತಾಣಗಳಲ್ಲೂ' ಎಂಬ ನಿಯಮ ಇರುತ್ತದೆ. ನನ್ನ ಧಾರಾವಾಹಿಯ ಒಂದು ಭಾಗವನ್ನು ಕಥೆ ಮಾಡಿ ಕಳಿಸೋಣವೆಂದಾಗ ಅದೇ ಅಡ್ಡ ಬಂದಿತ್ತು. ಮತ್ತೆ, ಯೂನಿಕೋಡ್ ಅಕ್ಷರದಲ್ಲಿ ಕಳಿಸಬೇಕೋ 'ನುಡಿ' ತಂತ್ರಾಂಶದ ಅಕ್ಷರದಲ್ಲೋ ಎಂದು ಮೊದಲೇ ನೋಡಿಕೊಳ್ಳಿ. ಒಂದರಿಂದ ಇನ್ನೊಂದಕ್ಕೆ ತಿರುಗಿಸಿದ ಮೇಲೆ ಒತ್ತಕ್ಷರಗಳನ್ನು ಕಣ್ಣಾರೆ ಪರೀಕ್ಷಿಸದೆ ಕಳಿಸಬೇಡಿ.

ಊರು ಬಿಟ್ಟವಳು, ಬೆಂಗಳೂರು (ಮೂಲ ಪೊನ್ನಂಪೇಟೆ)
ಶುಕ್ರವಾರ, ಬೆಳಗ್ಗೆ 11.00

ಕರಡು ತಿದ್ದುವ ಕೆಲಸ ನನಗಿರಲಿ, ಅದಕ್ಕೆಂದೇ ಕಣ್ಣು ಪಳಗಿದೆ. ಜನವರಿಯ ಹೂವಿನ ಮಾತು ಗೊತ್ತಿರಲಿಲ್ಲ. ಅಪ್ಪನಿಗೆ ಫೋನ್ ಮಾಡಿ ಕೇಳಿದೆ, 'ನಿನಗೆ ಯಾರು ಹೇಳಿದರು' ಎಂದು ಅರ್ಧ ಗಂಟೆ ಅದನ್ನೇ ಹೇಳಿದರು.

ನಿರ್ವಾಹಕರು
ಶುಕ್ರವಾರ, ಮಧ್ಯಾಹ್ನ 12.20

ಹೂಮಳೆ ಅವರೇ, ಗುರುವಾರ ನೀವು ಹಾಕಿದ ಕಥೆಯ ಸಾಲುಗಳನ್ನು ತೆಗೆಯಬೇಕಿದ್ದರೆ ತಿಳಿಸಿ.

ಹೂಮಳೆ, ಸುಂಟಿಕೊಪ್ಪ
ಶುಕ್ರವಾರ, ರಾತ್ರಿ 10.05

ಇರಲಿ ಬಿಡಿ. ಆ ಸಾಲುಗಳಲ್ಲಿ ಯಾವುದೂ ಕಥೆಯಲ್ಲಿ ಉಳಿಯುವ ಹಾಗೆ ಕಾಣುವುದಿಲ್ಲ. ಇನ್‌ಸ್ಟಾಗ್ರಾಂಗೆ ದೀಪಾವಳಿಯವರೆಗೆ ರಜೆ. ಪದಬಂಧದ ಗುಂಪಿನವರು ಬಿಡುವುದಿಲ್ಲ, ಅಲ್ಲಿಗೆ ವಾರಕ್ಕೊಂದು ಸುಳಿವು ಒಪ್ಪಿಕೊಂಡಿದ್ದೇನೆ. ಹಕ್ಕಿಗಳನ್ನು ಬಿಡುವುದಿಲ್ಲ, ಥ್ರಷ್ ಮರಿಗಳು ಇನ್ನೂ ಗೂಡಿನಲ್ಲೇ ಇವೆ.

ರೈಟರ್ ಅಣ್ಣ, ಕೊಯ್ಲು ನಿಂತ ದಿನಗಳಲ್ಲಿ ಕೆ.ಜಿ. ಲೆಕ್ಕದವರು ಅಕ್ಕಿಗೆ ಏನು ಮಾಡುತ್ತಾರೆ? ಮುಂಗಡ ಕೊಡುತ್ತೀರಾ? ಕೊಟ್ಟರೆ ಅದನ್ನು ಚೆಕ್‌ರೋಲಿನಲ್ಲಿ ಎಲ್ಲಿ ಬರೆಯುತ್ತೀರಿ? ಅವಳಿಗೆ ಓದಲು ಬರುವುದಿಲ್ಲ, ಆದರೆ ತನ್ನ ಹೆಸರಿನ ಮುಂದೆ ಎಷ್ಟು ಬರೆದಿರಿ ಎಂದು ಅವಳು ನೋಡುತ್ತಾಳೆ. ಆ ಪುಟ ಕಣ್ಣಿಗೆ ಕಟ್ಟಬೇಕು ನನಗೆ.

ತೋಟದ ರೈಟರ್, ಸಿದ್ದಾಪುರ
ಶುಕ್ರವಾರ, ರಾತ್ರಿ 10.30

ಕೊಡುತ್ತೇವೆ. ನಮ್ಮಲ್ಲಿ ಹೆಸರಿನ ಸಾಲಿನಲ್ಲೇ ಬಲಬದಿಯ ಕೊನೆಯ ಕಲಮಿನಲ್ಲಿ ಬರೆಯುವುದು. ಕೊಯ್ಲು ಮತ್ತೆ ಶುರುವಾದ ಮೇಲೆ ವಾರದ ಬಟವಾಡೆಯಲ್ಲಿ ಹಿಡಿಯುತ್ತೇವೆ. ಓದಲು ಬಾರದವರೇ ಹೆಚ್ಚು ಸರಿಯಾಗಿ ಲೆಕ್ಕ ಇಟ್ಟಿರುತ್ತಾರೆ, ಬಾಗಿಲಿನ ಹಿಂದೆ ಇದ್ದಿಲಿನಲ್ಲಿ ಗೆರೆ ಎಳೆದು. ನನ್ನ ಪುಸ್ತಕಕ್ಕೂ ಅವರ ಗೆರೆಗೂ ವ್ಯತ್ಯಾಸ ಬಂದಾಗ ಏನಾಗುತ್ತದೆ ಎಂಬುದು ಇಲ್ಲಿ ಬರೆಯುವ ಮಾತಲ್ಲ.

ಮನೆಯವರನ್ನೂ ಮಗಳನ್ನೂ ಕರೆದುಕೊಂಡು ಬನ್ನಿ. ಹಳೆಯ ಪುಸ್ತಕಗಳಿವೆ, ಹೆಸರು ಮುಚ್ಚಿ ತೋರಿಸುತ್ತೇನೆ. ಹಗಲು ಹೊತ್ತೇ ಬನ್ನಿ, ಇಲ್ಲಿಯೂ ಕರೆಂಟಿನ ಖಾತ್ರಿ ಇಲ್ಲ.